ಬ್ಯಾಂಕಿನ ಲಾಭಕ್ಕೂ ಔಟ್‌ಟರ್ನ್ ನೋಡಿ: ಫಲಿತಾಂಶದ ಕಾಗದ ಓದುವ ಬಗೆ

ಕೊಡಗಿನಲ್ಲಿ ಕಾಫಿ ಬೆಳೆಯುವವರಿಗೆ ಔಟ್‌ಟರ್ನ್ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. 50 ಕೆಜಿ ರೊಬಸ್ಟಾ ಚೆರಿ ಮೂಟೆ ಹಾಕಿದರೆ ಸಿಪ್ಪೆ ಕಳೆದು ಬೇಳೆ ಎಷ್ಟು ಸಿಗುತ್ತದೋ ಅದಕ್ಕೆ ರೇಟು. 26 ಬಂದರೆ ಒಂದು ಲೆಕ್ಕ, 28 ಬಂದರೆ ಇನ್ನೊಂದು. ಮೂಟೆ ಎಷ್ಟು ದಪ್ಪ ಇದೆ ಅಂತ ನೋಡಿ ಯಾರೂ ದುಡ್ಡು ಎಣಿಸುವುದಿಲ್ಲ. ಆದರೆ ಬ್ಯಾಂಕಿನ ವಿಷಯ ಬಂದಾಗ ನಾವೆಲ್ಲ ಮೂಟೆ ನೋಡಿಯೇ ನಂಬುತ್ತೇವೆ. ಪೇಪರಿನಲ್ಲಿ "ಲಾಭ ಇಷ್ಟು ಏರಿಕೆ" ಅಂತ ದೊಡ್ಡ ಅಕ್ಷರದಲ್ಲಿ ಬಂದರೆ ಸಾಕು, ಅಲ್ಲಿಗೆ ಎಫ್‌ಡಿ ಹೋಗುತ್ತದೆ.

ಕಳೆದ ಜನವರಿಯಲ್ಲಿ ಪಕ್ಕದ ತೋಟದ ಅಕ್ಕ ಅಂಥದ್ದೇ ಒಂದು ಪೇಪರ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕಣದಲ್ಲಿ ಕಾಫಿ ಹರಡಿತ್ತು, ನಾನು ಕೈ ತೊಳೆದು ಬಂದೆ. "ಈ ಬ್ಯಾಂಕಿನ ಲಾಭ ಇಷ್ಟು ಏರಿದೆಯಂತೆ, ಮೆಣಸು ಮಾರಿದ ದುಡ್ಡು ಇಲ್ಲೇ ಇಡಲಾ?" ಅಂತ ಕೇಳಿದರು. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಬ್ಯಾಂಕ್ ಶಾಖೆಗಳಲ್ಲಿ ಸಾಲದ ಮೇಜಿನಲ್ಲಿ ಕೂತವನು. ಈಗ ಮೂರು ಎಕರೆ ರೊಬಸ್ಟಾ ನೋಡಿಕೊಂಡಿದ್ದೇನೆ. ಅವತ್ತು ಅಕ್ಕನಿಗೆ ಪೆನ್ಸಿಲ್ ಹಿಡಿದು ತೋರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬ್ಯಾಂಕಿನ ಲಾಭ ಅದರ ಜಾಣತನದಿಂದ ಮಾತ್ರ ಬರುವುದಿಲ್ಲ. ಸರ್ಕಾರ ಮತ್ತು ಆರ್‌ಬಿಐ ಹಾಕಿದ ನಿಯಮಗಳು ಎಲ್ಲಿ ಕಚ್ಚುತ್ತವೆ, ಎಲ್ಲಿ ಕಾಯುತ್ತವೆ ಅನ್ನೋದು ಗೊತ್ತಾದರೆ ಆ ಕಾಗದ ನಿಮಗೂ ಓದಲು ಬರುತ್ತದೆ.

ಮೊದಲು ನೂರು ರೂಪಾಯಿಯ ಹಿಂದೆ ಹೋಗಿ

ನೀವು ಕುಶಾಲನಗರದ ಯಾವುದೋ ಶಾಖೆಯಲ್ಲಿ 100 ರೂಪಾಯಿ ಠೇವಣಿ ಇಟ್ಟಿರಿ ಅಂತ ಇಟ್ಟುಕೊಳ್ಳಿ. ಬ್ಯಾಂಕ್ ಅಷ್ಟನ್ನೂ ಸಾಲ ಕೊಡುವ ಹಾಗಿಲ್ಲ. ಒಂದು ಪಾಲನ್ನು ಆರ್‌ಬಿಐ ಹತ್ತಿರ ನಗದಾಗಿ ಇಡಬೇಕು. ಅದಕ್ಕೆ ಸಿಆರ್‌ಆರ್ ಅನ್ನುತ್ತಾರೆ. 2025ರ ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಅದನ್ನು ನಾಲ್ಕು ಹಂತದಲ್ಲಿ ಶೇ. 4ರಿಂದ 3ಕ್ಕೆ ಇಳಿಸಿದರು. ಈ 3 ರೂಪಾಯಿಗೆ ಬ್ಯಾಂಕಿಗೆ ಒಂದು ಪೈಸೆ ಬಡ್ಡಿ ಬರುವುದಿಲ್ಲ. ಇನ್ನೊಂದು 18 ರೂಪಾಯಿ ಹೆಚ್ಚಾಗಿ ಸರ್ಕಾರಿ ಬಾಂಡ್‌ನಲ್ಲಿ ಇರಬೇಕು. ಇದು ಎಸ್‌ಎಲ್‌ಆರ್. ಇದಕ್ಕೆ ಬಡ್ಡಿ ಬರುತ್ತದೆ, ಸಾಲದಷ್ಟು ಅಲ್ಲ. ಉಳಿದದ್ದು 79.

ಈಗ ನಿಮಗೆ ವರ್ಷಕ್ಕೆ 6.50 ರೂಪಾಯಿ ಬಡ್ಡಿ ಕೊಡಬೇಕು ಅಂದರೆ, ಆ 3 ರೂಪಾಯಿ ಸುಮ್ನೆ ಕೂತಿರುವುದರಿಂದ ಉಳಿದ 97 ರೂಪಾಯಿಯೇ ಅದನ್ನು ದುಡಿಯಬೇಕು. ಅಂದರೆ ಸುಮಾರು ಶೇ. 6.70 ದುಡಿದರೆ ಬಡ್ಡಿಯ ಮಟ್ಟಿಗೆ ಸರಿಹೋಯಿತು, ಸಂಬಳ, ಬಾಡಿಗೆ, ಕರೆಂಟು ಎಲ್ಲ ಆಮೇಲೆ. ಶೇ. 0.20 ಅಂದರೆ ಸಣ್ಣದು ಅನ್ನಿಸಬಹುದು. ಲಕ್ಷ ಕೋಟಿ ಠೇವಣಿ ಇರುವ ಬ್ಯಾಂಕಿಗೆ ಅದು 200 ಕೋಟಿ.

1991ರ ಹೊತ್ತಿಗೆ ಸಿಆರ್‌ಆರ್ ಶೇ. 15, ಎಸ್‌ಎಲ್‌ಆರ್ ಶೇ. 38.5 ಇತ್ತು. ನೂರರಲ್ಲಿ 53.50 ಅಲ್ಲೇ ಹೋಯಿತು! ಉಳಿದ 46.50ರಲ್ಲಿ ಬ್ಯಾಂಕ್ ವ್ಯಾಪಾರ ಮಾಡಬೇಕಿತ್ತು. ಆ ಕಾಲದಲ್ಲಿ ಸಾಲದ ಬಡ್ಡಿ ಯಾಕೆ ಅಷ್ಟು ಏರಿತ್ತು ಅಂತ ಹಿರಿಯರನ್ನು ಕೇಳಿದರೆ ಬ್ಯಾಂಕಿನವರನ್ನು ಬೈಯುತ್ತಾರೆ, ಆದರೆ ಅರ್ಧಕ್ಕಿಂತ ಜಾಸ್ತಿ ದುಡ್ಡಿಗೆ ನಿಯಮದ ಬೀಗ ಬಿದ್ದಿತ್ತು ಅನ್ನೋದು ಅವರಿಗೆ ಯಾರೂ ಹೇಳಿರಲಿಲ್ಲ. ಅದೇ ವರ್ಷ ನರಸಿಂಹಂ ಸಮಿತಿ ಇದನ್ನು ಇಳಿಸಿ ಅಂತ ಹೇಳಿತು. ಆಮೇಲೆ ಒಂದೊಂದೇ ಮೆಟ್ಟಿಲು ಇಳಿಯಿತು.

ಹಾಗಾಗಿ ಸಿಆರ್‌ಆರ್ ಬದಲಾಯಿತು ಅಂತ ಸುದ್ದಿ ಬಂದ ದಿನವೇ ಒಂದು ಕಡೆ ಬರೆದಿಟ್ಟುಕೊಳ್ಳಿ. ಮುಂದಿನ ಎರಡು ಮೂರು ತ್ರೈಮಾಸಿಕದಲ್ಲಿ ಎಲ್ಲ ಬ್ಯಾಂಕಿನ ಗಳಿಕೆಯೂ ಸ್ವಲ್ಪ ಸುಧಾರಿಸಿದರೆ ಅದರಲ್ಲಿ ಆ ಇಳಿಕೆಯ ಪಾಲು ಎಷ್ಟು ಅಂತ ಕೇಳಿಕೊಳ್ಳಿ. ಎಲ್ಲರಿಗೂ ಒಟ್ಟಿಗೆ ಬಿದ್ದ ಹೂಮಳೆಯನ್ನು (ಕಾಫಿ ಹೂ ಅರಳಿಸುವ ಮಳೆ) ಒಬ್ಬರ ತೋಟದ ಆರೈಕೆ ಅಂತ ಲೆಕ್ಕ ಹಾಕಬಾರದು ಅಲ್ವಾ?

ಆದ್ಯತಾ ವಲಯ: ಇಲ್ಲಿ ನಿಮಗೆ ಬಲ ಇದೆ

ಬ್ಯಾಂಕ್ ಕೊಡುವ ಸಾಲದಲ್ಲಿ ಶೇ. 40 ಆದ್ಯತಾ ವಲಯಕ್ಕೆ, ಅಂದರೆ ಕೃಷಿ, ಸಣ್ಣ ಉದ್ದಿಮೆಯಂಥ ಕಡೆಗೆ, ಹೋಗಬೇಕು. ಅದರಲ್ಲಿ ಕೃಷಿಗೆ ಒಟ್ಟು ಸಾಲದ ಶೇ. 18. ಆ ಹದಿನೆಂಟರೊಳಗೆ ಸಣ್ಣ ಮತ್ತು ಅತಿ ಸಣ್ಣ ರೈತರಿಗೇ ಶೇ. 10. ಐದು ಎಕರೆ ತನಕ ಇರುವವರು ಸಣ್ಣ ರೈತರ ಲೆಕ್ಕಕ್ಕೆ ಬರುತ್ತಾರೆ. ಗುರಿ ಮುಟ್ಟದ ಬ್ಯಾಂಕ್ ಕೊರತೆ ಬಿದ್ದಷ್ಟು ದುಡ್ಡನ್ನು ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿಯಂಥ ಕಡೆ ಇಡಬೇಕು, ಅಲ್ಲಿ ಬಡ್ಡಿ ಕಡಿಮೆ. ಇಲ್ಲವೇ ಗುರಿ ದಾಟಿದ ಬೇರೆ ಬ್ಯಾಂಕಿನಿಂದ ಸರ್ಟಿಫಿಕೇಟ್ ಕೊಳ್ಳಬೇಕು. 2016ರಿಂದ ಆ ವ್ಯಾಪಾರವೂ ಇದೆ.

ನನ್ನ ಕಾಲದಲ್ಲಿ ಮಾರ್ಚ್ ಬಂತೆಂದರೆ ನಿದ್ದೆ ಇರುತ್ತಿರಲಿಲ್ಲ. ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ನಾವು ಜೀಪು ಹತ್ತಿ ತೋಟ ತೋಟ ಸುತ್ತುತ್ತಿದ್ದೆವು. ಈಗ ನಾಲ್ಕೂ ತ್ರೈಮಾಸಿಕದ ಸರಾಸರಿ ನೋಡುವುದರಿಂದ ಆ ಓಡಾಟ ವರ್ಷಕ್ಕೆ ನಾಲ್ಕು ಸಲ. ನೀವು ಸಣ್ಣ ಬೆಳೆಗಾರರಾಗಿದ್ದರೆ ಬ್ಯಾಂಕಿಗೆ ನಿಮ್ಮ ಸಾಲ ಬೇಕು, ಇದನ್ನು ಮರೆಯಬೇಡಿ. ತಗ್ಗಿಬಗ್ಗಿ ಕೇಳುವ ಅವಶ್ಯಕತೆಯೇ ಇಲ್ಲ. ತ್ರೈಮಾಸಿಕ ಮುಗಿಯುವ ಮುಂಚಿನ ತಿಂಗಳಲ್ಲಿ ಪಹಣಿ, ಆಧಾರ್, ಹಿಂದಿನ ವರ್ಷದ ಕಾಫಿ ಮಾರಿದ ಬಿಲ್ಲು ಜೋಡಿಸಿಕೊಂಡು ಹೋಗಿ. 2025ರ ಜನವರಿ 1ರಿಂದ 2 ಲಕ್ಷದ ತನಕ ಕೃಷಿ ಸಾಲಕ್ಕೆ ಅಡಮಾನ ಕೇಳುವ ಹಾಗಿಲ್ಲ. ಮುಂಚೆ ಅದು 1.6 ಲಕ್ಷ ಇತ್ತು. ಅಲ್ಪಾವಧಿ ಬೆಳೆಸಾಲಕ್ಕೆ 3 ಲಕ್ಷದ ತನಕ ಬಡ್ಡಿ ಶೇ. 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ. 4ಕ್ಕೆ ಬೀಳುತ್ತದೆ. ನಿಮ್ಮ ಸಾಲ ಆ ಯೋಜನೆಯೊಳಗೆ ಇದೆಯಾ, ಎಷ್ಟು ಮೊತ್ತಕ್ಕೆ ಇದೆ ಅಂತ ಬಾಯಿಬಿಟ್ಟು ಕೇಳಿ.

ಬ್ಯಾಂಕಿನ ಕಡೆಯಿಂದ ನೋಡಿದರೆ ಇದು ಭಾರ ಹೌದು. ಸಣ್ಣ ಸಾಲಕ್ಕೂ ಕಾಗದ ಅಷ್ಟೇ, ತೋಟಕ್ಕೆ ಹೋಗಿ ಬರುವ ಪೆಟ್ರೋಲ್ ಅಷ್ಟೇ, ಬಡ್ಡಿ ಮಾತ್ರ ಕಟ್ಟಿಹಾಕಿದ್ದು. ಆದರೂ ಈ ನಿಯಮ ಇಲ್ಲದಿದ್ದರೆ ಶನಿವಾರಸಂತೆ ಕಡೆಯ ಮೂರು ಎಕರೆಯವನ ಮನೆಗೆ ಯಾವ ಮ್ಯಾನೇಜರ್ ಬರುತ್ತಿದ್ದರು? ಒಳಗಿದ್ದು ನೋಡಿದವನಾಗಿ ಹೇಳುತ್ತೇನೆ, ಬರುತ್ತಿರಲಿಲ್ಲ.

ಸಿಪ್ಪೆ ಹಾರುವುದು ಇಲ್ಲಿ: ಎನ್‌ಪಿಎ

ಈ ಭಾಗಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಬ್ಯಾಂಕಿನ ಲಾಭವನ್ನು ಇಷ್ಟು ಮೇಲೆ ಕೆಳಗೆ ಮಾಡುವ ನಿಯಮ ಬೇರೆ ಇಲ್ಲ.

ಸಾಮಾನ್ಯ ಸಾಲದಲ್ಲಿ ಬಡ್ಡಿ ಅಥವಾ ಕಂತು 90 ದಿನಕ್ಕಿಂತ ಜಾಸ್ತಿ ಸುಸ್ತಿಯಾದರೆ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ. ಕೃಷಿ ಸಾಲಕ್ಕೆ ದಿನದ ಲೆಕ್ಕ ಬೇರೆ. ಅಲ್ಪಾವಧಿ ಬೆಳೆಗೆ ಎರಡು ಬೆಳೆ ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು. ಯಾವ ಬೆಳೆಗೆ ಹಂಗಾಮು ಎಷ್ಟು ದಿನ ಅಂತ ರಾಜ್ಯ ಮಟ್ಟದ ಬ್ಯಾಂಕರ್‌ಗಳ ಸಮಿತಿ ಹೇಳುತ್ತದೆ. ಆದರೆ ಕಾಫಿ ವ್ಯಾಪಾರಿಗೋ ಹೋಮ್‌ಸ್ಟೇ ನಡೆಸುವವರಿಗೋ ಕೊಟ್ಟ ಸಾಲಕ್ಕೆ 90 ದಿನವೇ. ಹೋಮ್‌ಸ್ಟೇಗೆ ಮಳೆಗಾಲದಲ್ಲಿ ಜನ ಬರಲಿಲ್ಲ ಅಂದರೆ ಆ ಮೂರು ತಿಂಗಳು ಎಷ್ಟು ಬೇಗ ಕಳೆಯುತ್ತದೆ ಅಂತ ಅವರನ್ನೇ ಕೇಳಿ.

ಒಂದು ಸಾಲವನ್ನು ಹತ್ತಿರದಿಂದ ನೋಡೋಣ. 10 ಲಕ್ಷ ಸಾಲ, ಬಡ್ಡಿ ಶೇ. 10. ತಿಂಗಳಿಗೆ ಬಡ್ಡಿ ಸುಮಾರು 8,333. ಮೂರು ತಿಂಗಳು ಕಟ್ಟಲಿಲ್ಲ. ಅಷ್ಟು ದಿನ ಬ್ಯಾಂಕ್ "ಬರಬೇಕಾದ ಬಡ್ಡಿ" ಅಂತ 25,000 ರೂಪಾಯಿಯನ್ನು ಆದಾಯದಲ್ಲಿ ಬರೆದುಕೊಂಡಿತ್ತು. ಎನ್‌ಪಿಎ ಆದ ಕೂಡಲೇ ಅದನ್ನು ವಾಪಸ್ ತೆಗೆಯಬೇಕು, ಮುಂದಕ್ಕೂ ದುಡ್ಡು ಕೈಗೆ ಬಂದರೆ ಮಾತ್ರ ಆದಾಯ. ಮೇಲಿಂದ ಸಾಲದ ಶೇ. 15, ಅಂದರೆ 1.5 ಲಕ್ಷ, ಲಾಭದಿಂದ ಎತ್ತಿ ಪಕ್ಕಕ್ಕಿಡಬೇಕು. ಅಡಮಾನ ಇಲ್ಲದ ಸಾಲವಾದರೆ ಶೇ. 25. ಎರಡೂ ಸೇರಿ ಒಂದೇ ತ್ರೈಮಾಸಿಕದಲ್ಲಿ 1.75 ಲಕ್ಷದ ಹೊಡೆತ. ಒಂದು ಒಳ್ಳೆಯ 10 ಲಕ್ಷದ ಸಾಲದಿಂದ ಎಲ್ಲ ಖರ್ಚು ಕಳೆದು ವರ್ಷಕ್ಕೆ ಶೇ. 1, ಅಂದರೆ 10,000 ಉಳಿಯಿತು ಅಂತಲೇ ಇಟ್ಟುಕೊಳ್ಳಿ. ಒಬ್ಬ ಕಟ್ಟದೇ ಹೋದರೆ ಹದಿನೇಳು ಜನ ನಿಯತ್ತಾಗಿ ಕಟ್ಟಿದ ಲಾಭ ಹೋಯಿತು. ಒಂದು ವರ್ಷ ದಾಟಿದರೆ ಆ ಸಾಲ ಸಂಶಯದ ಗುಂಪಿಗೆ ಬೀಳುತ್ತದೆ. ಆಗ ಅಡಮಾನ ಇರುವ ಭಾಗಕ್ಕೂ ಮೊದಲ ವರ್ಷ ಶೇ. 25, ಆಮೇಲಿನ ಎರಡು ವರ್ಷ ಶೇ. 40, ಅದೂ ದಾಟಿದರೆ ಶೇ. 100 ಎತ್ತಿಡಬೇಕು.

ಈಗ ಅಕ್ಕ ತಂದ ಪೇಪರಿಗೆ ಬರೋಣ. ಲೆಕ್ಕ ಸುಲಭವಾಗಲಿ ಅಂತ ಅಂಕಿ ನಾನೇ ಹಾಕುತ್ತಿದ್ದೇನೆ, ತೆರಿಗೆ ಬಿಟ್ಟಿದ್ದೇನೆ. ಹೋದ ವರ್ಷ ಒಂದು ಬ್ಯಾಂಕಿನ ಕಾರ್ಯಾಚರಣೆ ಲಾಭ, ಅಂದರೆ ಕೆಟ್ಟ ಸಾಲಕ್ಕೆ ಎತ್ತಿಡುವ ಮುಂಚಿನ ಲಾಭ, 1,000 ಕೋಟಿ. ಕೆಟ್ಟ ಸಾಲಕ್ಕೆ ಎತ್ತಿಟ್ಟದ್ದು 600. ಉಳಿದದ್ದು 400. ಈ ವರ್ಷ ಕಾರ್ಯಾಚರಣೆ ಲಾಭ 950ಕ್ಕೆ ಇಳಿಯಿತು, ಆದರೆ ಎತ್ತಿಟ್ಟದ್ದು 300 ಮಾತ್ರ. ಉಳಿದದ್ದು 650. ಪೇಪರಿನಲ್ಲಿ ದೊಡ್ಡದಾಗಿ ಬರುವುದು "ಲಾಭ ಶೇ. 62 ಏರಿಕೆ". ವ್ಯಾಪಾರ ಇಳಿದಿದೆ, ಸಿಪ್ಪೆ ಕಡಿಮೆ ಹಾರಿದೆ, ಅಷ್ಟೇ. ಅದು ಕೆಟ್ಟದ್ದು ಅಂತ ಅಲ್ಲ. ನಿಜವಾಗಲೂ ಸಾಲ ವಸೂಲಾಗಿ ಸಿಪ್ಪೆ ಕಡಿಮೆಯಾಗಿದ್ದರೆ ಸಂತೋಷವೇ. ಅದನ್ನು ತಿಳಿಯೋಕೆ ಅದೇ ಕಾಗದದಲ್ಲಿ ಇನ್ನೆರಡು ಸಾಲು ನೋಡಬೇಕು.

ಒಂದು, ಗ್ರಾಸ್ ಎನ್‌ಪಿಎ ಮತ್ತು ನೆಟ್ ಎನ್‌ಪಿಎ. ಗ್ರಾಸ್ ಅಂದರೆ ಕೆಟ್ಟ ಸಾಲ ಒಟ್ಟು, ನೆಟ್ ಅಂದರೆ ಎತ್ತಿಟ್ಟ ದುಡ್ಡು ಕಳೆದು ಉಳಿದದ್ದು. ಗ್ರಾಸ್ ಶೇ. 4 ಇದ್ದು ನೆಟ್ 0.8 ಇದ್ದರೆ ಬ್ಯಾಂಕ್ ಕೆಟ್ಟ ಸಾಲದ ಬಹುಪಾಲಿಗೆ ಆಗಲೇ ದುಡ್ಡು ಎತ್ತಿಟ್ಟಿದೆ. ಗ್ರಾಸ್ 4, ನೆಟ್ 2.5 ಅಂದರೆ ಹೊಡೆತ ಇನ್ನೂ ಬಾಕಿ ಇದೆ. ಎರಡನೆಯದು ರೈಟ್‌ಆಫ್. ಎಷ್ಟು ಸಾಲವನ್ನು ಪುಸ್ತಕದಿಂದ ತೆಗೆದುಹಾಕಿದರು ಅಂತ ಟಿಪ್ಪಣಿಯಲ್ಲಿ ಅಥವಾ ಹೂಡಿಕೆದಾರರಿಗೆ ಕೊಡುವ ಸ್ಲೈಡ್‌ಗಳಲ್ಲಿ ಇರುತ್ತದೆ. ರೈಟ್‌ಆಫ್ ಮಾಡಿದರೂ ಗ್ರಾಸ್ ಎನ್‌ಪಿಎ ಇಳಿಯುತ್ತದೆ, ಒಂದು ರೂಪಾಯಿ ವಸೂಲಾಗದೇ! ಇಳಿದದ್ದು ವಸೂಲಿಯಿಂದಲೋ ಅಳಿಸಿದ್ದರಿಂದಲೋ, ಅದನ್ನು ಹುಡುಕಿ.

ನಿಯಮ ಬಿಗಿಯಾದಾಗ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ ಇದೆ. 2015ರಲ್ಲಿ ಆರ್‌ಬಿಐ ಎಲ್ಲ ದೊಡ್ಡ ಬ್ಯಾಂಕುಗಳ ಸಾಲದ ಪುಸ್ತಕ ತೆರೆಸಿ ನೋಡಿತು. ಅಲ್ಲಿಯ ತನಕ "ಪರವಾಗಿಲ್ಲ, ಕಟ್ಟುತ್ತಾರೆ" ಅಂತ ಒಳ್ಳೆಯ ಸಾಲದ ಗುಂಪಿನಲ್ಲಿದ್ದದ್ದೆಲ್ಲ ಹೊರಗೆ ಬಿತ್ತು. 2018ರ ಮಾರ್ಚ್‌ಗೆ ಬ್ಯಾಂಕುಗಳ ಗ್ರಾಸ್ ಎನ್‌ಪಿಎ ಶೇ. 11ರ ಗೆರೆ ದಾಟಿತು. ಆ ವರ್ಷ ಸರ್ಕಾರಿ ಬ್ಯಾಂಕುಗಳು ಒಟ್ಟು 85,000 ಕೋಟಿಗೂ ಜಾಸ್ತಿ ನಷ್ಟ ತೋರಿಸಿದವು. ಶಾಖೆಯಲ್ಲಿ ಕೂತ ನಮಗೆ ಅದು ತುಂಬ ಕಷ್ಟದ ಕಾಲ. ಗ್ರಾಹಕರು ಬಂದು "ನಮ್ಮ ದುಡ್ಡು ಇದೆಯಾ?" ಅಂತ ಕೇಳುತ್ತಿದ್ದರು. ಆದರೆ ಸಾಲ ಕೆಟ್ಟದ್ದು 2018ರಲ್ಲಿ ಅಲ್ಲ, ಅದು ಕಾಣಿಸಿದ್ದು ಆಗ. ಸರ್ಕಾರ ಬಂಡವಾಳ ಹಾಕಿತು, ದಿವಾಳಿ ಕಾಯ್ದೆ ಬಂದಿತ್ತು, ನಿಧಾನಕ್ಕೆ ಪುಸ್ತಕ ಶುದ್ಧವಾಯಿತು. 2025ರ ಮಾರ್ಚ್‌ಗೆ ಅದೇ ಅಂಕಿ ಶೇ. 2.3ಕ್ಕೆ ಬಂದಿದೆ. ಹಾಗಾಗಿ ಯಾವುದೋ ಒಂದು ವರ್ಷದ ನಷ್ಟ ನೋಡಿ ಹೆದರುವ ಮುಂಚೆ, ಆ ವರ್ಷ ಯಾವ ನಿಯಮ ಬಂತು ಅಂತ ನೋಡಿ.

ಇನ್ನೊಂದು ಟಿಪ್ಪಣಿಯನ್ನು ಮಾತ್ರ ಬಿಡಲೇಬೇಡಿ. ಆರ್‌ಬಿಐ ತಪಾಸಣೆಯಲ್ಲಿ ಕಂಡ ಎನ್‌ಪಿಎಗೂ ಬ್ಯಾಂಕ್ ತೋರಿಸಿದ್ದಕ್ಕೂ ದೊಡ್ಡ ವ್ಯತ್ಯಾಸ ಬಂದರೆ ಬ್ಯಾಂಕ್ ಅದನ್ನು ವಾರ್ಷಿಕ ಲೆಕ್ಕದ ಟಿಪ್ಪಣಿಯಲ್ಲಿ ಹೇಳಬೇಕು. ಡೈವರ್ಜೆನ್ಸ್ ಅಂತ ಬರೆದಿರುತ್ತಾರೆ. ಸಣ್ಣ ಅಕ್ಷರದಲ್ಲಿರುತ್ತದೆ, ಕನ್ನಡಕ ಹಾಕಿಕೊಂಡು ಹುಡುಕಿ.

2018ರ ಆಗಸ್ಟ್, ಮತ್ತು ಕಣ್ಣಿಗೆ ಕಾಣದ ಸಾಲ

ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ಆ ಮಳೆ ಯಾರೂ ಮರೆತಿಲ್ಲ. ತೋಟವೇ ಹೋದವರಿಗೆ 90 ದಿನ, ಹಂಗಾಮು ಅಂತ ಲೆಕ್ಕ ಹೇಳೋಕಾಗುತ್ತಾ? ಇಂಥ ಹೊತ್ತಿಗೆ ಅಂತಲೇ ಪ್ರಕೃತಿ ವಿಕೋಪದ ನಿಯಮ ಇದೆ. ಬೆಳೆ ನಷ್ಟ ಶೇ. 33 ಅಥವಾ ಜಾಸ್ತಿ ಅಂತ ಘೋಷಣೆಯಾದ ಕಡೆ ಸಾಲದ ಅವಧಿ ಮುಂದೆ ಹಾಕಬಹುದು, ಹಾಗೆ ಮಾಡಿದ ಸಾಲ ಒಳ್ಳೆಯ ಸಾಲದ ಗುಂಪಿನಲ್ಲೇ ಉಳಿಯುತ್ತದೆ. ಇದು ರೈತನನ್ನೂ ಉಳಿಸುತ್ತದೆ, ಬ್ಯಾಂಕಿನ ಆ ವರ್ಷದ ಲಾಭವನ್ನೂ ಉಳಿಸುತ್ತದೆ. ನಾನು ಇದರ ಪರವಾಗಿಯೇ ಇದ್ದೇನೆ. ಆದರೆ ಫಲಿತಾಂಶ ಓದುವಾಗ "ರೀಸ್ಟ್ರಕ್ಚರ್ಡ್" ಅನ್ನೋ ಸಾಲನ್ನು ಎನ್‌ಪಿಎ ಜೊತೆ ಕೂಡಿಸಿ ಓದಿ. ಅಲ್ಲಿ ಮುಂದೆ ಕೆಡಬಹುದಾದದ್ದು ಎಷ್ಟಿದೆ ಅಂತ ಒಂದು ಅಂದಾಜು ಬರುತ್ತದೆ.

ನಿಮಗೆ ಹಾಗೆ ನಷ್ಟವಾದರೆ ಕಂತಿನ ದಿನ ಬರುವ ಮುಂಚೆಯೇ ಬ್ಯಾಂಕಿಗೆ ಬರೆದುಕೊಡಿ. ಸುಸ್ತಿಯಾಗಿ ತಿಂಗಳುಗಟ್ಟಲೆ ಬಿಟ್ಟು ಹೋದರೆ ಮ್ಯಾನೇಜರ್ ಕೈಯೂ ಕಟ್ಟಿರುತ್ತದೆ.

ಅಡಮಾನದ ಗೋಜಲು

ಕೊಡಗಿನ ಜಮೀನಿನ ಕಥೆ ಬೇರೆ. ಜಮ್ಮಾ ಜಾಗದ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಪಹಣಿಯಲ್ಲಿ ಪಟ್ಟೆದಾರರ ಹೆಸರು, ಒಕ್ಕದ, ಅಂದರೆ ಮನೆತನದ, ಎಷ್ಟೋ ಜನರ ಹೆಸರು, ತೀರಿಕೊಂಡವರ ಹೆಸರೂ ಇರುತ್ತದೆ. ಬ್ಯಾಂಕಿನ ವಕೀಲರು ಎಲ್ಲರ ಸಹಿ ಕೇಳುತ್ತಾರೆ. ನಮಗೆ ಅದು ಕಿರಿಕಿರಿ. ಆದರೆ ಮೇಲೆ ಹೇಳಿದ ಶೇ. 15 ಮತ್ತು ಶೇ. 25ರ ಲೆಕ್ಕ ನೆನಪು ಮಾಡಿಕೊಳ್ಳಿ. ಅಡಮಾನ ಕೋರ್ಟಿನಲ್ಲಿ ನಿಲ್ಲದಿದ್ದರೆ ಬ್ಯಾಂಕಿನ ನಷ್ಟ ದೊಡ್ಡದು.

ಸರ್ಫೇಸಿ ಕಾಯ್ದೆ ಅಂತ 2002ರಲ್ಲಿ ಬಂತು. ಕೋರ್ಟಿಗೆ ಹೋಗದೆ ಬ್ಯಾಂಕ್ ಅಡಮಾನದ ಆಸ್ತಿ ವಶಕ್ಕೆ ತೆಗೆದುಕೊಳ್ಳಬಹುದು. ಅದರ 31ನೇ ಸೆಕ್ಷನ್‌ನಲ್ಲಿ ಕೃಷಿ ಭೂಮಿಗೆ ವಿನಾಯಿತಿ ಇದೆ. ಕಾಫಿ ತೋಟ ಆ ಕೃಷಿ ಭೂಮಿಯ ಲೆಕ್ಕಕ್ಕೆ ಬರುತ್ತದೆಯೇ ಅನ್ನೋದೇ ಜಗಳ. ಬ್ಯಾಂಕುಗಳು ನೋಟಿಸ್ ಕೊಟ್ಟಿವೆ, ಬೆಳೆಗಾರರು ನಾವೂ ರೈತರೇ ಅಂತ ಹೋರಾಡುತ್ತಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ, ಮರ ಬೆಳೆಸಿ ಗಿಡ ಸಾಕಿದವನಿಗೆ ತೋಟ ಅಂದರೆ ಬರೀ ಆಸ್ತಿ ಅಲ್ಲ. ದೊಡ್ಡ ಸಾಲಕ್ಕೆ ತೋಟ ಬರೆದುಕೊಡುವ ಮುಂಚೆ ನಿಮ್ಮ ಸ್ವಂತ ವಕೀಲರ ಹತ್ತಿರ ಆ 31ನೇ ಸೆಕ್ಷನ್ ಓದಿಸಿ.

ಬಂಡವಾಳ: ಬ್ಯಾಂಕಿನ ಸ್ವಂತ ದುಡ್ಡು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಂಕ್ ಕೊಟ್ಟ ಸಾಲಗಳಿಗೆ ತಕ್ಕಂತೆ ತನ್ನ ಸ್ವಂತ ದುಡ್ಡು ಶೇ. 9 ಇರಬೇಕು, ಮೇಲೆ ಕಾಯ್ದಿಟ್ಟದ್ದು 2.5, ಒಟ್ಟು 11.5. ಆದರೆ ಎಲ್ಲ ಸಾಲಕ್ಕೂ ಅಪಾಯದ ತೂಕ ಒಂದೇ ಅಲ್ಲ. ಮನೆ ಬೆಲೆಯ ಶೇ. 80ರೊಳಗಿನ ಗೃಹಸಾಲಕ್ಕೆ ಸಾಮಾನ್ಯವಾಗಿ ತೂಕ ಶೇ. 35, ಹಾಗಾಗಿ 1 ಲಕ್ಷ ಸಾಲಕ್ಕೆ ಬ್ಯಾಂಕ್ ತನ್ನ ಕಡೆಯಿಂದ 4,025 ರೂಪಾಯಿ ಇಟ್ಟರೆ ಸಾಕು. ಅಡಮಾನ ಇಲ್ಲದ ವೈಯಕ್ತಿಕ ಸಾಲಕ್ಕೆ 2023ರ ನವೆಂಬರ್‌ನಲ್ಲಿ ತೂಕವನ್ನು 100ರಿಂದ 125ಕ್ಕೆ ಏರಿಸಿದರು. 11,500 ಇದ್ದದ್ದು 14,375 ಆಯಿತು. ಫೋನಿನಲ್ಲಿ ದಿನಕ್ಕೆ ಮೂರು ಸಲ "ಲೋನ್ ಬೇಕಾ ಸರ್" ಅಂತ ಬರುತ್ತಿದ್ದ ಕರೆಗಳ ಹಿಂದಿನ ವೇಗಕ್ಕೆ ಲಗಾಮು ಹಾಕೋಕೆ ಆರ್‌ಬಿಐ ಹಿಡಿದ ದಾರಿ ಅದು.

ಕಾಗದದಲ್ಲಿ ಕ್ಯಾಪಿಟಲ್ ಅಡಿಕ್ವಸಿ ರೇಶಿಯೋ ಅಂತ ಇರುತ್ತದೆ. 11.5ಕ್ಕೆ ಅಂಟಿಕೊಂಡಿದ್ದರೆ ಆ ಬ್ಯಾಂಕಿಗೆ ಉಸಿರಾಡಲು ಜಾಗ ಕಡಿಮೆ. ತೀರಾ ಕೆಳಗೆ ಬಿದ್ದರೆ, ಅಥವಾ ನೆಟ್ ಎನ್‌ಪಿಎ ಶೇ. 6 ದಾಟಿದರೆ, ಆರ್‌ಬಿಐ ಪಿಸಿಎ ಅನ್ನೋ ಕಟ್ಟುಪಾಡಿಗೆ ತರುತ್ತದೆ. ಆಗ ಹೊಸ ಶಾಖೆ, ಡಿವಿಡೆಂಡ್, ಸಾಲ ಎಲ್ಲಕ್ಕೂ ಮಿತಿ ಬರಬಹುದು. ನಮ್ಮಲ್ಲಿ ಎಲ್ಲರಿಗೂ ಪರಿಚಯವಿದ್ದ ಕಾರ್ಪೊರೇಷನ್ ಬ್ಯಾಂಕ್ ಕೂಡ ಆ ಪಟ್ಟಿಯಲ್ಲಿದ್ದು 2019ರ ಫೆಬ್ರವರಿಯಲ್ಲಿ ಹೊರಬಂತು. ಠೇವಣಿ ಇಟ್ಟವರಿಗೆ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಪಿಸಿಎ ಅಂದ ಕೂಡಲೇ ಶಾಖೆಯ ಮುಂದೆ ಸಾಲು ನಿಲ್ಲಬೇಡಿ, ಆದರೆ ಆ ಬ್ಯಾಂಕಿನ ಷೇರು ಇದ್ದರೆ ಮಾತ್ರ ಯೋಚನೆ ಮಾಡಿ. 2020ರಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕನ್ನು ಡಿಬಿಎಸ್ ಜೊತೆ ಸೇರಿಸಿದಾಗ ಠೇವಣಿದಾರರ ದುಡ್ಡು ಉಳಿಯಿತು, ಷೇರುದಾರರಿಗೆ ಏನೂ ಸಿಗಲಿಲ್ಲ.

ರೆಪೊ ಇಳಿದಾಗ ಯಾರಿಗೆ ಏನು

2019ರ ಅಕ್ಟೋಬರ್ 1ರಿಂದ ಬದಲಾಗುವ ಬಡ್ಡಿಯ ಹೊಸ ಗೃಹಸಾಲ, ವೈಯಕ್ತಿಕ ಸಾಲ, ಸಣ್ಣ ಉದ್ದಿಮೆಯ ಸಾಲಗಳನ್ನು ಬ್ಯಾಂಕುಗಳು ಹೊರಗಿನ ಒಂದು ದರಕ್ಕೆ, ಹೆಚ್ಚಾಗಿ ರೆಪೊಗೆ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರ), ಕಟ್ಟಲೇಬೇಕು. ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಬದಲಿಸಬೇಕು. 2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೊ 6.5ರಿಂದ 5.5ಕ್ಕೆ ಇಳಿಯಿತು. ಸಾಲದ ಬಡ್ಡಿ ತಕ್ಷಣ ಇಳಿಯಿತು. ಆದರೆ ಹಿಂದೆ ಶೇ. 7.25ಕ್ಕೆ ತೆಗೆದುಕೊಂಡ ಎಫ್‌ಡಿಗೆ ಬ್ಯಾಂಕ್ ಅವಧಿ ಮುಗಿಯುವ ತನಕ ಅಷ್ಟೇ ಕೊಡಬೇಕು. ಮಧ್ಯದ ಅಂತರ, ಅದನ್ನೇ ನಿಮ್ ಅಂತಾರೆ, ಸೊರಗುತ್ತದೆ. ದರ ಏರುವಾಗ ಇದೇ ಉಲ್ಟಾ ಆಗಿ ಲಾಭ ಉಬ್ಬುತ್ತದೆ. ಆದ್ದರಿಂದ ಒಂದು ಬ್ಯಾಂಕಿನ ಅಂತರ ಇಳಿಯಿತು ಅಂತ ಬೈಯುವ ಮುಂಚೆ ಇನ್ನೆರಡು ಬ್ಯಾಂಕಿನದು ಪಕ್ಕದಲ್ಲಿಟ್ಟು ನೋಡಿ. ಎಲ್ಲರದೂ ಇಳಿದಿದ್ದರೆ ಅದು ರೆಪೊ. ಇದೊಂದೇ ಜಾಸ್ತಿ ಇಳಿದಿದ್ದರೆ ಬೇರೇನೋ ಇದೆ.

ನಿಮ್ಮ ಗೃಹಸಾಲ ಇನ್ನೂ ಹಳೆಯ ಎಂಸಿಎಲ್‌ಆರ್‌ನಲ್ಲೇ, ಅಂದರೆ ಬ್ಯಾಂಕ್ ತಾನೇ ಲೆಕ್ಕ ಹಾಕುವ ದರದಲ್ಲೇ, ಕೂತಿದ್ದರೆ ಬದಲಿಸಿಕೊಳ್ಳಲು ಎಷ್ಟು ಖರ್ಚು ಅಂತ ನಾಳೆಯೇ ಕೇಳಿ.

ಐದು ಲಕ್ಷದ ಲೆಕ್ಕ

ಠೇವಣಿ ವಿಮೆ 2020ರ ಫೆಬ್ರವರಿ 4ರಿಂದ 5 ಲಕ್ಷ. ಅದಕ್ಕೂ ಮುಂಚೆ 1993ರಿಂದ 1 ಲಕ್ಷದಲ್ಲೇ ನಿಂತಿತ್ತು. ವಿಮೆಯ ಪ್ರೀಮಿಯಂ ಬ್ಯಾಂಕ್ ಕಟ್ಟುತ್ತದೆ, ನಿಮ್ಮಿಂದ ವಸೂಲು ಮಾಡುವ ಹಾಗಿಲ್ಲ. 2020ರಲ್ಲಿ ಅದು ನೂರು ರೂಪಾಯಿಗೆ ವರ್ಷಕ್ಕೆ 10ರಿಂದ 12 ಪೈಸೆಗೆ ಏರಿತು. ಅಸಲು, ಬಡ್ಡಿ ಎರಡೂ ಸೇರಿ 5 ಲಕ್ಷ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ. ಮಡಿಕೇರಿ ಶಾಖೆಯಲ್ಲಿ ನಾಲ್ಕು, ವಿರಾಜಪೇಟೆ ಶಾಖೆಯಲ್ಲಿ ನಾಲ್ಕು ಇಟ್ಟರೂ ಅದೇ ಬ್ಯಾಂಕಾದರೆ ವಿಮೆ 5 ಮಾತ್ರ.

ಊರಿನ ಸಹಕಾರ ಸಂಘದಲ್ಲಿ ಇಟ್ಟ ಠೇವಣಿಗೆ ಈ ವಿಮೆ ಇಲ್ಲ. ಸಹಕಾರಿ ಬ್ಯಾಂಕಿಗೆ ಇದೆ, ಪ್ರಾಥಮಿಕ ಸಂಘಕ್ಕೆ ಇಲ್ಲ. ನಮ್ಮ ಸಂಘಗಳು ಗೊಬ್ಬರದಿಂದ ಹಿಡಿದು ಮದುವೆ ಖರ್ಚಿನ ತನಕ ಕೈಹಿಡಿದಿವೆ, ಅವನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ, ಜೀವಮಾನದ ಉಳಿತಾಯ ಪೂರ್ತಿ ಅಲ್ಲೊಂದೇ ಕಡೆ ಇಡಬೇಡಿ.

ಒಂದು ಮಾತು ಸಾಲ ತೀರಿಸಿದವರಿಗೆ. 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ಕಟ್ಟಿದ 30 ದಿನದೊಳಗೆ ಬ್ಯಾಂಕ್ ನಿಮ್ಮ ಆಸ್ತಿಯ ಮೂಲ ಕಾಗದ ವಾಪಸ್ ಕೊಡಬೇಕು. ಬ್ಯಾಂಕಿನ ಕಡೆಯಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ನಮ್ಮ ಭಾವ ಒಂದು ಬ್ಯಾಂಕಿಗೆ ಎರಡು ತಿಂಗಳು ಅಲೆದಿದ್ದರು. ಈ ನಿಯಮವನ್ನು ಅರ್ಜಿಯಲ್ಲಿ ಬರೆದು ಸ್ವೀಕೃತಿ ಸಹಿ ತೆಗೆದುಕೊಂಡ ಮೇಲೆ ಆರೇ ದಿನದಲ್ಲಿ ಕಾಗದ ಕೈಗೆ ಬಂತು. ದೂರು ಕೊಟ್ಟು 30 ದಿನ ಆದರೂ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕ ಇಲ್ಲ.

ಅಕ್ಕನ ಜೊತೆ ಇಷ್ಟೆಲ್ಲ ನೋಡುವ ಹೊತ್ತಿಗೆ ಎರಡು ಸಲ ಕಾಫಿ ಆಗಿತ್ತು. ಕೊನೆಗೆ ನಾನು ಅವರ ಪಾಸ್‌ಬುಕ್‌ಗಳನ್ನೆಲ್ಲ ತರಲು ಹೇಳಿದೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಐದು ಇದ್ದವು. ಒಂದರ ಮೇಲೆ ಇನ್ನೂ ಸಿಂಡಿಕೇಟ್ ಬ್ಯಾಂಕ್ ಅಂತ ಇತ್ತು, ಇನ್ನೊಂದರ ಮೇಲೆ ಕೆನರಾ. ಒಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಒಂದು ಎಸ್‌ಬಿಐ. ಐದನೆಯದು ಸಂಘದ್ದು. "ನಾನು ಹಂಚಿಯೇ ಇಟ್ಟಿದ್ದೇನಲ್ಲ" ಅಂದರು. ಮೈಸೂರು ಬ್ಯಾಂಕ್ 2017ರ ಏಪ್ರಿಲ್‌ನಲ್ಲಿ ಎಸ್‌ಬಿಐ ಒಳಗೆ ಹೋಯಿತು, ಸಿಂಡಿಕೇಟ್ 2020ರ ಏಪ್ರಿಲ್‌ನಲ್ಲಿ ಕೆನರಾ ಒಳಗೆ. ವಿಜಯಾ ಬ್ಯಾಂಕಿನಲ್ಲಿ ಇಟ್ಟವರದು ಈಗ ಬ್ಯಾಂಕ್ ಆಫ್ ಬರೋಡಾದಲ್ಲಿದೆ, ಕಾರ್ಪೊರೇಷನ್ ಬ್ಯಾಂಕಿನವರದು ಯೂನಿಯನ್ ಬ್ಯಾಂಕಿನಲ್ಲಿ. ಅಕ್ಕನ ನಾಲ್ಕು ಬ್ಯಾಂಕ್ ಕೂಡಿಸಿದರೆ ಎರಡೇ. ಕೆನರಾದಲ್ಲಿ ಎರಡೂ ಸೇರಿ 7 ಲಕ್ಷ 40 ಸಾವಿರ ಇತ್ತು. ಪೆನ್ಸಿಲ್‌ನಲ್ಲಿ 2 ಲಕ್ಷ 40 ಸಾವಿರದ ಸುತ್ತ ಗೆರೆ ಎಳೆದೆವು. ಅದರಲ್ಲಿ ಒಂದು ಎಫ್‌ಡಿ ಫೆಬ್ರವರಿ 18ಕ್ಕೆ ಮುಗಿಯುವುದಿತ್ತು. ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕ ಗೋಣಿಕೊಪ್ಪದ ಬಸ್ಸು ಹತ್ತಿದರು. ಕೈಯಲ್ಲಿ ಅದೇ ಪ್ಲಾಸ್ಟಿಕ್ ಕವರು, ಜೊತೆಗೆ ಮೂರು ಬ್ಯಾಂಕಿನ ಗ್ರಾಸ್, ನೆಟ್, ಕ್ಯಾಪಿಟಲ್ ಬರೆದ ಒಂದು ಚೀಟಿ.